ಸಹಾಯ ಬೇಕು: ಕಾಂಡ್ಲಾ ಕಾಡಿನಲ್ಲಿ ಕಂಡ ಹಕ್ಕಿ ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಹಕ್ಕಿಗಳ ವಿಷಯದಲ್ಲಿ ಹೊಸಬ. ಕಳೆದ ವಾರ ಅಪ್ಪನನ್ನು ಕರೆದುಕೊಂಡು ಹೊನ್ನಾವರದ ಹತ್ತಿರ ಕಾಸರಕೋಡಿನ ಶರಾವತಿ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಳ ಕಾಡು) ನಡಿಗೆ ಪಥಕ್ಕೆ ಹೋಗಿದ್ದೆ. ಮಂಡಿನೋವಿನ ಅಪ್ಪನೂ ಹಲಗೆಯ ದಾರಿಯಲ್ಲಿ ಆರಾಮವಾಗಿ ನಡೆದರು. ನೀರು ಇಳಿದಿತ್ತು. ಕೆಸರಿನಿಂದ ಮೊಳೆ ಹೊಡೆದಂತೆ ಮೇಲೆದ್ದ ಬೇರುಗಳ ನಡುವೆ ಒಂದು ಪುಟ್ಟ ಹಕ್ಕಿ ಓಡಾಡುತ್ತಿತ್ತು.

ಬೆನ್ನು ಮಾಸಲು ಕಂದು, ಹೊಟ್ಟೆ ಅಚ್ಚ ಬಿಳಿ. ಆ ಬಿಳಿ ರೆಕ್ಕೆಯ ಮುಂದೆ ಭುಜದವರೆಗೂ ಏರಿತ್ತು. ನಮ್ಮ ಕೆರೆಯ ಕುಂಡೆಕುಸ್ಕದಂತೆಯೇ ಹಿಂಭಾಗವನ್ನು ಒಂದೇ ಸಮನೆ ಕುಣಿಸುತ್ತಿತ್ತು, ಆದರೆ ಬಾಲ ಗಿಡ್ಡ, ಕೊಕ್ಕು ಉದ್ದ. ಹಾರಿದಾಗ ರೆಕ್ಕೆಗಳನ್ನು ಬಿಗಿಹಿಡಿದು ನೀರಿಗೆ ತಾಗುವಷ್ಟು ಕೆಳಗೆ ಸಾಗಿತು. ಮೊಬೈಲ್ ಚಿತ್ರದಲ್ಲಿ ಕೆಸರು ಸೊಗಸಾಗಿ ಬಂದಿದೆ, ಹಕ್ಕಿ ಮಾತ್ರ ಒಂದು ಚುಕ್ಕೆ!

ಬೆನ್ನಿನ ಮೇಲೆ ಚುಕ್ಕೆಗಳಿರುವ, ನೀರಂಚಿನ ಹಕ್ಕಿ ಗದ್ದೆಗೊರವದ ಬಳಗದ್ದು ಎಂದು ನನ್ನ ಅನುಮಾನ; ಆದರೆ ಇದರ ಬೆನ್ನಿನ ಮೇಲೆ ಎದ್ದು ಕಾಣುವ ಚುಕ್ಕೆಗಳಿರಲಿಲ್ಲ. ಅಪ್ಪ ಅದು ಕುಂಡೆಕುಸ್ಕವೇ ಎಂದು ಹಟ ಹಿಡಿದಿದ್ದಾರೆ. ತಿಳಿದವರು ದಯವಿಟ್ಟು ತೀರ್ಪು ಕೊಡಿ.

ಇನ್ನೊಂದು ಪ್ರಶ್ನೆ. ಚಳಿಗಾಲದಲ್ಲಿ ಇದು ಗೊರೂರಿನ ಹೇಮಾವತಿ ಹಿನ್ನೀರಿನ ದಡದಲ್ಲೂ ಸಿಗುತ್ತದೆಯೇ? ಸಿಗುವುದಾದರೆ ಬೆಳಿಗ್ಗೆ ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಹೋಗಬೇಕು? ಅಪ್ಪ ಐದು ನೂರು ಹೆಜ್ಜೆಗಿಂತ ಹೆಚ್ಚು ನಡೆಯಲಾರರು. ಘಟ್ಟದ ತಿರುವುಗಳಲ್ಲಿ ಅವರಿಗೆ ಬಂದ ವಾಂತಿಯನ್ನು ನೆನೆದರೆ ಮತ್ತೆ ಕರಾವಳಿಗೆ ಹೊರಡಿಸುವ ಧೈರ್ಯ ನನಗಿಲ್ಲ.