ಗೋವಾ–ಬೆಂಗಳೂರು 482 ಕಿ.ಮೀ., ಟಿಕೆಟ್‌ನಲ್ಲಿ ಒಂದೂಕಾಲು ತಾಸು ಯಾಕೆ?

ಪ್ರಶ್ನೆ (ಅಂಕೋಲಾ)
ದಾಬೋಲಿಂನಿಂದ ಬೆಂಗಳೂರಿಗೆ ವಿಮಾನದ ದೂರ 482 ಕಿ.ಮೀ. ತೋರಿಸುತ್ತದೆ. ತಾಸಿಗೆ 800 ಕಿ.ಮೀ. ಹಿಡಿದರೆ 36 ನಿಮಿಷ ಸಾಕಲ್ಲ, ಟಿಕೆಟ್‌ನಲ್ಲಿ ಒಂದೂಕಾಲು ತಾಸು ಯಾಕೆ? ಹುಬ್ಬಳ್ಳಿಯಿಂದ ಬರೀ 370 ಕಿ.ಮೀ., ಅಲ್ಲಿಂದಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಂಕೋಲಾದವರು ಯಾವುದನ್ನು ಆರಿಸಬೇಕು?

ಉತ್ತರ 1 (ಕಾರವಾರ)
ಟಿಕೆಟ್‌ನಲ್ಲಿ ಇರೋದು ಹಾರುವ ಹೊತ್ತಷ್ಟೇ ಅಲ್ಲ, ಬ್ಲಾಕ್ ಟೈಮ್. ಅಂದರೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಅತ್ತ ಹೋಗಿ ನಿಲ್ಲುವ ತನಕ. ರನ್‌ವೇಗೆ ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಟರ್ಮಿನಲ್‌ಗೆ ಬರುವುದು ಎಲ್ಲ ಅದರಲ್ಲೇ.

ಇನ್ನು 800ರ ವೇಗ ಮೇಲೆ ಹೋದ ಮೇಲಿನ ಮಾತು. 10,000 ಅಡಿಗಿಂತ ಕೆಳಗೆ 250 ನಾಟ್ ಮೀರುವ ಹಾಗಿಲ್ಲ, ಅದು ತಾಸಿಗೆ ಸುಮಾರು 463 ಕಿ.ಮೀ. ಇಳಿಯುವಾಗ ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ (ಸುಮಾರು 5.5 ಕಿ.ಮೀ.) ಬೇಕು. 35,000 ಅಡಿಯಿಂದ ಇಳಿಯಲು 195 ಕಿ.ಮೀ. ಮೊದಲೇ ಶುರು ಮಾಡಬೇಕು. ಏರಲೂ ಹೆಚ್ಚುಕಡಿಮೆ ಅಷ್ಟೇ. 482ರಲ್ಲಿ ಪೂರ್ತಿ ವೇಗಕ್ಕೆ ಉಳಿಯುವುದು ನೂರು ಕಿ.ಮೀ. ಹತ್ತಿರ. ಹುಬ್ಬಳ್ಳಿ ವಿಮಾನ ಅಷ್ಟು ಎತ್ತರಕ್ಕೆ ಹೋಗಿ ಪ್ರಯೋಜನವೇ ಇಲ್ಲ. ಅದಕ್ಕೇ ಇಷ್ಟು ಹತ್ತಿರಕ್ಕೆ ಎಟಿಆರ್ (ಪ್ರೊಪೆಲರ್ ವಿಮಾನ) ಆದರೂ ಜೆಟ್ ಆದರೂ ಕೆಲವು ನಿಮಿಷದ ವ್ಯತ್ಯಾಸ ಅಷ್ಟೇ.

ಅಂದಾಜಿಗೆ ಹೀಗೆ ಮಾಡಿ: ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಕೂಡಿಸಿ. ಗೋವಾ–ದೆಹಲಿ ಸುಮಾರು 1,500 ಕಿ.ಮೀ.; 1 ತಾಸು 52 ನಿಮಿಷಕ್ಕೆ 40 ಸೇರಿದರೆ ಎರಡೂವರೆ ತಾಸು. ಸರಿಹೋಗುತ್ತದೆ.

ಮಳೆಗಾಲದಲ್ಲಿ ಇನ್ನೊಂದಿದೆ. ಪಡುಗಾಳಿ ಬೀಸುವಾಗ ಬೆಂಗಳೂರಲ್ಲಿ ಪೂರ್ವದ ಕಡೆಯಿಂದ ಬಂದು ಇಳಿಯಬೇಕು. ನಮ್ಮ ಕಡೆಯಿಂದ ಹೋದ ವಿಮಾನ ನಿಲ್ದಾಣ ದಾಟಿ ಸುತ್ತಿ ಬರಬೇಕಾಗುತ್ತದೆ.

ಉತ್ತರ 2 (ಶಿರಸಿ)
ಅಂಕೋಲಾದಿಂದ ದಾಬೋಲಿಂ ಸುಮಾರು 125 ಕಿ.ಮೀ., ಹುಬ್ಬಳ್ಳಿ 130. ಆಕಾಶದ ದೂರಕ್ಕಿಂತ ರಸ್ತೆಯೇ ಇಲ್ಲಿ ನಿರ್ಣಾಯಕ. ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ವಿಮಾನ ತಪ್ಪಿದ ಹಾಗೆಯೇ, ಅದಕ್ಕೆ ಹುಬ್ಬಳ್ಳಿಗೆ ನಾಲ್ಕು ತಾಸು ಇಟ್ಟುಕೊಳ್ಳಿ. ಗೋವಾ ಕಡೆ ಹೋಗುವುದಾದರೆ ಮಡಗಾಂವ್ ತನಕ ರೈಲೂ ಇದೆ, ಅಲ್ಲಿಂದ ದಾಬೋಲಿಂ 25 ಕಿ.ಮೀ. ಆಸುಪಾಸು. ನಿಮ್ಮ ಜಾಗದಲ್ಲಿ ದಾಬೋಲಿಂ ಮೇಲು. ಶಿರಸಿಯವರಿಗಾದರೆ ಹುಬ್ಬಳ್ಳಿಯೇ, ಘಟ್ಟ ಇಳಿಯುವ ಕೆಲಸ ಇಲ್ಲ.

ಟಿಕೆಟ್ ತೆಗೆಯುವಾಗ ನಿಲ್ದಾಣದ ಕೋಡ್ ನೋಡಿ: ಜಿಒಐ ದಾಬೋಲಿಂ, ಜಿಒಎಕ್ಸ್ 2023ರಲ್ಲಿ ವಿಮಾನ ಶುರುವಾದ ಗೋವಾದ ಇನ್ನೊಂದು ನಿಲ್ದಾಣ ಮೋಪಾ. ಎರಡಕ್ಕೂ ಬರೀ ಗೋವಾ ಎಂದೇ ತೋರಿಸುವುದುಂಟು. ಮೋಪಾ ಪಣಜಿಯ ಆಚೆ. ನಮ್ಮ ಕಡೆಯಿಂದ ದಾಬೋಲಿಂಗಿಂತ 40 ಕಿ.ಮೀ.ಗೂ ಹೆಚ್ಚು ದೂರ.

ಪ್ರಶ್ನೆ ಕೇಳಿದವರು
ಧನ್ಯವಾದ. ಮಂಗಳೂರು–ದುಬೈಗೂ ಇದೇ ಲೆಕ್ಕವೇ? 8ಕ್ಕೆ ಹೊರಟು 10.20ಕ್ಕೆ ತಲುಪುತ್ತದೆ ಅಂತ ಇದ್ದರೆ ಎರಡೇ ತಾಸು ಚಿಲ್ಲರೆ ಆಗುತ್ತದಲ್ಲ?

ಉತ್ತರ 3 (ಭಟ್ಕಳ)
ಎರಡೂ ಆಯಾ ಊರಿನ ಗಡಿಯಾರದ ಸಮಯ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಅದನ್ನು ಕೂಡಿಸಿ: 3 ತಾಸು 50 ನಿಮಿಷ. ದೂರ 2,460 ಕಿ.ಮೀ. ಹತ್ತಿರ, ಮೇಲಿನ ಲೆಕ್ಕದಲ್ಲಿ 3 ತಾಸು 45 ನಿಮಿಷ ಬರುತ್ತದೆ. ಚಳಿಗಾಲದಲ್ಲಿ ಎದುರುಗಾಳಿಗೆ ಹೋಗುವಾಗ ಹೆಚ್ಚು ಹಿಡಿಯುತ್ತದೆ, ಬರುವಾಗ ಕಡಿಮೆ. ಬರುವ ಟಿಕೆಟ್‌ನಲ್ಲಿ ಆ ಒಂದೂವರೆ ತಾಸು ಕಳೆಯಬೇಕು, ಕೂಡಿಸಬಾರದು. ಮಂಗಳೂರಿಗೆ ಕರೆದುಕೊಂಡು ಬರಲು ಗಾಡಿ ಹೇಳುವಾಗ ಜನ ತಪ್ಪುವುದು ಇಲ್ಲೇ.