ಅಜ್ಜನ ಎಕ್ಸ್‌ಪಿಯಲ್ಲಿ ಉಳಿದ ಫೈಲುಗಳು

ಚಿಕ್ಕಪ್ಪ: *ಫಾರ್ವರ್ಡ್ ಆಗಿದೆ.* ಎಚ್ಚರಿಕೆ! ವಿಂಡೋಸ್ ಎಕ್ಸ್‌ಪಿಯನ್ನು ವೈಫೈಗೆ ಜೋಡಿಸಿದರೆ ಒಂದೇ ರಾತ್ರಿಯಲ್ಲಿ ಮನೆಯವರ ಎಲ್ಲಾ ಫೋನ್ ಲಾಕ್ ಆಗುತ್ತದೆ. ಹತ್ತು ಜನರಿಗೆ ಕಳಿಸಿ.

ಚಿಕ್ಕಪ್ಪ: ಅಜ್ಜನ ಕಂಪ್ಯೂಟರ್ ಯಾರೂ ಮುಟ್ಟಬೇಡಿ.

ಅಕ್ಕ: ಯಾರು ಹೇಳಿದ್ದು? ಎಲ್ಲಿ ಬಂದಿದೆ?

ದೊಡ್ಡಪ್ಪ: ಹಿರಿಯರ ವಸ್ತು ಜೋಪಾನ ಮಾಡುವುದನ್ನು ಮೊದಲು ಕಲಿಯಿರಿ. ಹೊಸದು ಬಂದ ಕೂಡಲೇ ಹಳೆಯದು ಮೂಲೆಗೆ, ಅಲ್ವಾ?

ಅತ್ತೆ ಮಗ: ಅದರಲ್ಲಿ ಪಿನ್‌ಬಾಲ್ ಆಟ ಇನ್ನೂ ಇದೆಯಾ? ಸ್ಪೇಸ್ ಬಾರ್ ಮುರಿದವನು ನಾನೇ.

ಚಿಕ್ಕಪ್ಪ: ಬೈಸಿಕೊಂಡವನು ನಾನು!

ನಾನು: ಫೋನ್ ಲಾಕ್ ಆಗುವುದು ಸುಳ್ಳು. ಭಯಕ್ಕೆ ಮಾತ್ರ ಕಾರಣ ಇದೆ. 2017ರ ಮೇ ತಿಂಗಳಲ್ಲಿ, ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ವೈರಸ್ ಹರಡಿದ್ದು ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನದ ದೋಷದಿಂದ. ಹೆಚ್ಚಾಗಿ ಸಿಕ್ಕಿಬಿದ್ದದ್ದು ವಿಂಡೋಸ್ 7. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿತ್ತು, ಆದರೂ ಮೈಕ್ರೋಸಾಫ್ಟ್ 2017ರಲ್ಲಿ ಅದಕ್ಕೂ ದೋಷ ಸರಿಪಡಿಸುವ ಪ್ಯಾಚ್ ಕೊಟ್ಟಿತು. ತೊಂದರೆ ಏನೆಂದರೆ, ಎಕ್ಸ್‌ಪಿಗೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಬರುವುದಿಲ್ಲ. ಹೊಸ ವಿಂಡೋಸ್‌ನಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ. ಅದಕ್ಕೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಅಜ್ಜನ ಫೋಲ್ಡರ್ ತೆರೆಯುತ್ತಿಲ್ಲ. ಯಾವುದೋ ವಿಡಿಯೋ ನೋಡಿ ಎಸ್‌ಎಂಬಿ 1 ಆನ್ ಮಾಡಬೇಡಿ.

ಚಿಕ್ಕಪ್ಪ: ಉದ್ದ ಇದೆ, ಆಮೇಲೆ ಓದುತ್ತೇನೆ. ಪೆನ್‌ಡ್ರೈವ್ ಹಾಕಿದರೆ ಮುಗಿಯಿತಲ್ಲ?

ಅಕ್ಕ: ನಿಮ್ಮ ಪೆನ್‌ಡ್ರೈವ್‌ನಲ್ಲೇ ನನ್ನ ಮದುವೆ ಫೋಟೋ ಹೋಗಿದ್ದು.

ಚಿಕ್ಕಪ್ಪ: ಮತ್ತೆ ಅದೇ ಮಾತು!

ನಾನು: ಅಜ್ಜನ ಕಂಪ್ಯೂಟರಿನ ಯುಎಸ್‌ಬಿ ಪೋರ್ಟುಗಳು ಕೆಟ್ಟಿವೆ. ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಜಿಲ್ಲಾ ಸರ್ವರ್ ಎಂಬ, ಫೈಲ್ ಬರಮಾಡಿಕೊಳ್ಳುವ ತಂತ್ರಾಂಶ ಹಾಕುತ್ತೇನೆ. ಎಕ್ಸ್‌ಪಿಗೆ ಹೊಸದೇನೂ ಬೇಡ, ಫೋಲ್ಡರ್ ತೆರೆಯುವ ಅದರ ಎಕ್ಸ್‌ಪ್ಲೋರರ್‌ಗೇ ಎಫ್‌ಟಿಪಿ, ಅಂದರೆ ಫೈಲ್ ಕಳಿಸುವ ಇನ್ನೊಂದು ಹಳೆಯ ವಿಧಾನ, ಬರುತ್ತದೆ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಹಾಗಾಗಿ ವೈಫೈ ಬೇಡ, ಎರಡರ ನಡುವೆ ಒಂದು ಕೇಬಲ್ ಸಾಕು.

ನಾನು: ಇನ್ನೊಂದು ಮಾತು, ದಯವಿಟ್ಟು ಓದಿ. ಅಜ್ಜ ಬರೆದದ್ದೆಲ್ಲಾ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಈಗ ಎಲ್ಲಾ ಫೋನಿನಲ್ಲೂ ಕನ್ನಡ ಕಾಣಿಸುವ ಯುನಿಕೋಡ್‌ನಲ್ಲಿ ಅಲ್ಲ. ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಿಸುತ್ತವೆ. ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ! ಫಾಂಟನ್ನೂ ಜೊತೆಗೆ ತರುತ್ತೇನೆ, ಆಮೇಲೆ ಯುನಿಕೋಡ್‌ಗೆ ಬದಲಿಸೋಣ. ಕಣ್ಣು ಮಂಜಾದ ಮೇಲೂ ಒಂದೊಂದೇ ಕೀಲಿ ಹುಡುಕಿ ಒತ್ತಿ ಬರೆದಿದ್ದಾರೆ. ಆ ಡಿಸ್ಕ್ ಇನ್ನೆಷ್ಟು ದಿನ ತಿರುಗುತ್ತದೋ.

ಅತ್ತೆ ಮಗ: ಕೇಬಲ್ ನನ್ನ ಹತ್ತಿರ ಇದೆ. ಭಾನುವಾರ ತರುತ್ತೇನೆ.

ದೊಡ್ಡಪ್ಪ: ಮೊದಲು ತೋಟದ ಲೆಕ್ಕದ ಫೈಲ್ ತೆಗಿ.

ಚಿಕ್ಕಪ್ಪ: ಅದೇ ಯಾಕೆ ಮೊದಲು?