ಸಾಂದ್ರತೆಗೆ "ಗಟ್ಟಿ" ಅನ್ನಬಹುದಾ, "ದಟ್ಟಣೆ" ಅನ್ನಬಹುದಾ?

ಬಳಗದವರಿಗೆ ನಮಸ್ಕಾರ.

ಎಂಟನೇ ತರಗತಿಯ ಮಕ್ಕಳ ಕೈಯಲ್ಲೇ ಸಾಂದ್ರತೆ (ಇಂಗ್ಲಿಷಿನ ಡೆನ್ಸಿಟಿ, ಅಂದರೆ ಒಂದು ಎಂಎಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆ ಎಂಬುದು) ಅಳೆಸುವ ಪಾಠವೊಂದನ್ನು ಬರೆಯುತ್ತಿದ್ದೇನೆ. ಸಾಮಾನು ಜಾಸ್ತಿ ಏನಿಲ್ಲ. ಅಳತೆ ಜಾಡಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಹಿಡಿ ಜಲ್ಲಿ, ಕಬ್ಬಿಣದ ಬೋಲ್ಟು, ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಉಳಿಯುವ ತುಂಡುಗಳು. ಅಳೆಯುವುದು ಸಲೀಸು. ಅಳೆದದ್ದನ್ನು ಯಾವ ಮಾತಿನಲ್ಲಿ ಹೇಳಿಸಬೇಕು ಅನ್ನುವಲ್ಲಿ ಸಿಕ್ಕಿಕೊಂಡಿದ್ದೇನೆ.

ಮಕ್ಕಳ ಬಾಯಿಗೆ ಮೊದಲು ಬರುವ ಪದ "ಗಟ್ಟಿ". ಎಣ್ಣೆ ನೀರಿಗಿಂತ ಗಟ್ಟಿ ಅಂತಾರೆ, ತಪ್ಪೇನಲ್ಲ. ಆದರೆ ತೆಂಗಿನೆಣ್ಣೆಯ ಸಾಂದ್ರತೆ ಸುಮಾರು 0.92, ನೀರಿನದು 1, ಎಣ್ಣೆ ತೇಲುತ್ತದೆ. ಕೆನೆಯದೂ ಅದೇ ಕತೆ. ಹಾಲಿಗಿಂತ ಎಷ್ಟೋ ಗಟ್ಟಿ, ಆದರೂ ಮೇಲೆ ಬಂದು ಕೂರುತ್ತದೆ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತಾರಲ್ಲ, ಅದು ತೋರಿಸುವುದು ಸಾಂದ್ರತೆಯನ್ನೇ. 28 ಬಂದರೆ 1.028 ಎಂದರ್ಥ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ, ಎರಡನ್ನೂ ಲೆಕ್ಕ ನೋಡಿ ಮಾಡಿದರೆ ಡಿಗ್ರಿ ಇದ್ದಲ್ಲೇ ಇರುತ್ತದೆ (ಇದನ್ನು ಮಕ್ಕಳಿಗೆ ಹೇಳಿಕೊಡಬೇಕಾ ಅನ್ನುವುದು ಬೇರೆ ಪ್ರಶ್ನೆ). ಅಂದರೆ ನಾವು "ಗಟ್ಟಿ ಹಾಲು" ಅನ್ನುವುದಕ್ಕೂ ಆ ಗಾಜಿನ ಕೊಳವೆ ಹೇಳುವುದಕ್ಕೂ ತಾಳೆಯಾಗುವುದಿಲ್ಲ.

"ಸಾಂದ್ರತೆ" ಎಂಬ ಪದವೇ ಸಾಕಲ್ವಾ ಅಂತ ಕೇಳುವವರಿಗೆ: ಸಂಸ್ಕೃತದ ಸಾಂದ್ರ ಶಬ್ದಕ್ಕೂ ಮಂದ, ಗಟ್ಟಿ, ಜಿಡ್ಡು ಎಂಬ ಅರ್ಥಗಳಿವೆ. ಗೊಂದಲ ಹಾಗೇ ಉಳಿಯಿತು. ಇನ್ನು ಹಿಂದಿಯಲ್ಲಿ ಡೆನ್ಸಿಟಿಗೆ ಘನತ್ವ ಅಂತಾರೆ, ಸಾಂದ್ರತಾ ಎಂದರೆ ಅಲ್ಲಿ ದ್ರಾವಣದ ಸಾರತೆ, ಅಂದರೆ ಅದರಲ್ಲಿ ಎಷ್ಟು ವಸ್ತು ಕರಗಿದೆ ಎಂಬುದು. ತೆಲುಗು, ಮಲಯಾಳದವರು ನಮ್ಮ ಹಾಗೇ ಸಾಂದ್ರತೆ ಎನ್ನುತ್ತಾರೆ. ತಮಿಳಿನವರು ಅಡರ್ತಿ ಎಂದು ತಮ್ಮದೇ ಪದ ಇಟ್ಟುಕೊಂಡಿದ್ದಾರೆ.

ಆ ದಾರಿಯಲ್ಲಿ ನಮಗೆ ಹತ್ತಿರ ಬರುವುದು "ದಟ್ಟಣೆ". ಜನದಟ್ಟಣೆ, ವಾಹನದಟ್ಟಣೆ ಎಲ್ಲರಿಗೂ ಗೊತ್ತು. ನನಗೂ ಮೊದಲು ಇಷ್ಟವಾದದ್ದು ಇದೇ. ಆದರೆ ದಟ್ಟಣೆ ಅಂದ ಕೂಡಲೇ ಮನಸ್ಸಿಗೆ ಬರುವುದು ಒತ್ತೊತ್ತಾಗಿ ನಿಂತ ಚಿತ್ರ. ಚಿನ್ನ ಮತ್ತು ಅಲ್ಯೂಮಿನಿಯಂ ತೆಗೆದುಕೊಳ್ಳಿ. ಎರಡರಲ್ಲೂ ಪರಮಾಣುಗಳು ಒಂದೇ ರೀತಿ ಜೋಡಣೆಯಾಗಿವೆ, ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಆದರೂ ಒಂದರ ಸಾಂದ್ರತೆ 19.3, ಇನ್ನೊಂದರದು 2.7. ಚಿನ್ನದ ಒಂದೊಂದು ಪರಮಾಣುವೇ ಏಳು ಪಟ್ಟು ಭಾರ, ಒತ್ತೊತ್ತಾಗಿರುವುದರಿಂದ ಬಂದ ವ್ಯತ್ಯಾಸ ಅಲ್ಲ ಅದು. ಊರಿನ ಜನಕ್ಕೆ ದಟ್ಟಣೆ ಸರಿ, ಯಾಕೆಂದರೆ ಅಲ್ಲಿ ತಲೆ ಎಣಿಸುತ್ತೇವೆ. ಲೋಹಕ್ಕೆ ಹೇಳಿದರೆ ಮಗು ತಪ್ಪು ಚಿತ್ರ ಹಿಡಿದುಕೊಂಡೇ ಹೈಸ್ಕೂಲಿಗೆ ಹೋಗುತ್ತದೆ.

ಹಾಗಾಗಿ ಸದ್ಯಕ್ಕೆ ನಾನು ಪದವನ್ನೇ ಹಿಂದಕ್ಕೆ ಹಾಕಿದ್ದೇನೆ. ಮೊದಲು "ಎಂಎಲ್‌ಗೆ ಎಷ್ಟು ಗ್ರಾಂ?" ಅಂತಷ್ಟೇ ಕೇಳುವುದು. ಜಲ್ಲಿ 135 ಗ್ರಾಂ ತೂಗಿತು, ಜಾಡಿಯ ನೀರು 100ರಿಂದ 150ಕ್ಕೆ ಏರಿತು, ಎಂಎಲ್‌ಗೆ 2.7 ಗ್ರಾಂ. ಅಲ್ಯೂಮಿನಿಯಂ ತುಂಡು 54 ಗ್ರಾಂ, ನೀರು ಏರಿದ್ದು 20, ಇಲ್ಲೂ 2.7! (ತುಂಡಿನೊಳಗೆ ಗಾಳಿಗುಳ್ಳೆ ಉಳಿಯದಂತೆ ಅಲುಗಾಡಿಸಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.) ಹಗುರ ಎಂದು ವಿಮಾನಕ್ಕೆ ಹಾಕುವ ಲೋಹವೂ ಗ್ರಾನೈಟ್ ಜಲ್ಲಿಯೂ ಒಂದೇ ಅಂದರೆ ದೊಡ್ಡವರೂ ಸುಲಭಕ್ಕೆ ಒಪ್ಪುವುದಿಲ್ಲ. ಬೋಲ್ಟಿಗೆ 7.8ರ ಆಸುಪಾಸು ಬರುತ್ತದೆ. ಜಲ್ಲಿ ಅರ್ಧ ಹಿಡಿ ಹಾಕಿ, ಎರಡು ಹಿಡಿ ಹಾಕಿ, 2.7 ಕದಲುವುದಿಲ್ಲ. ಆ ಕದಲದ ಸಂಖ್ಯೆಗೆ ಒಂದು ಹೆಸರು ಬೇಕು ಅಂತ ಮಕ್ಕಳಿಗೇ ಅನ್ನಿಸಿದ ಮೇಲೆ ಸಾಂದ್ರತೆ ಅಂತ ಹೇಳಿದರಾಯಿತು.

ಎಂಎಲ್‌ಗೆ ಇಷ್ಟು ಗ್ರಾಂ ಅನ್ನುವುದನ್ನೇ "ಗ್ರಾಂ ಪ್ರತಿ ಘನ ಸೆಂಟಿಮೀಟರ್" ಅನ್ನುವುದು ನನಗೆ ಹಿಡಿಸುವುದಿಲ್ಲ. ಎಕರೆಗೆ ಎಷ್ಟು ಕ್ವಿಂಟಾಲ್, ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ತಾನೇ ನಾವು ಮಾತಾಡುವುದು? ಅದೂ ಅಲ್ಲದೆ ಘನ ಎಂದರೆ ಮಕ್ಕಳಿಗೆ ಘನ, ದ್ರವ, ಅನಿಲದ ಘನ. ನೀರು ದ್ರವ, ಅದನ್ನು ಘನ ಸೆಂಟಿಮೀಟರಿನಲ್ಲಿ ಅಳೆಯುವುದು ಹೇಗೆ ಎಂದು ಒಂದು ಮಗು ಕೇಳಿದರೆ ನಗುವಂತಿಲ್ಲ. ಇಂಗ್ಲಿಷಿನ ಮಾಸ್‌ಗೆ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣಕ್ಕೆ) ಹೇಳುವ ರಾಶಿಯ ವಿಷಯ ಎತ್ತುವುದೇ ಬೇಡ, ರಾಗಿ ರಾಶಿಯಿಂದ ಮೇಷ ರಾಶಿಯವರೆಗೆ ಹೋಗುತ್ತದೆ, ಉತ್ತರ ಕನ್ನಡದವರಿಗೆ ರಾಶಿ ಅಂದರೆ ತುಂಬಾ.

ಈಗ ಕೇಳಬೇಕಾದ್ದು. ಒಂದೇ ಗಾತ್ರದ ಎರಡು ವಸ್ತು ಕೈಯಲ್ಲಿ ಹಿಡಿದಾಗ ಒಂದು ಹೆಚ್ಚು ಭಾರ ಅನ್ನಿಸಿದರೆ, ಅದನ್ನು ಹೇಳಲು ನಿಮ್ಮ ಕಡೆ ಬೇರೆ ಪದ ಇದೆಯಾ? ಮರಗೆಲಸದವರು, ಅಕ್ಕಸಾಲಿಗರು, ಕಲ್ಲುಕುಟಿಗರ ಮಾತಿನಲ್ಲಿ ಇರಬಹುದು. "ತೂಕದ ಮರ", "ತೂಕದ ಕಲ್ಲು" ಅನ್ನುವಂಥ ಬಳಕೆಯಾದರೂ ಸರಿ. ಊರು, ಕಸುಬು ಎರಡನ್ನೂ ಸೇರಿಸಿ ಬರೆಯಿರಿ.